ಸೆಲ್ಬು ಕೈಗವಸು: ಹೊರಗಿನ ಹೂವು ಚೆಂದ, ಒಳಗಿನ ಎಳೆ ಬಿಗಿ. ಕೈಯೇ ಹೋಗ್ತಿಲ್ಲ, ದಾರಿ ಹೇಳಿ

ಮಲೆನಾಡಿನ ಉಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಮೂರು ವರ್ಷದಿಂದ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿದ್ದೇವೆ. ಹೆಣಿಗೆ ಅಮ್ಮನಿಂದ ಬಂದದ್ದು. ಸೀದಾ, ಉಲ್ಟಾ, ಮಗುವಿನ ಕುಲಾವಿ, ಎರಡು ಸ್ವೆಟರ್, ಅಷ್ಟೇ ಅನುಭವ. ಎರಡು ಬಣ್ಣ ಒಟ್ಟಿಗೆ ಹಿಡಿದು ಹೆಣೆಯುತ್ತಿರುವುದು ಇದೇ ಮೊದಲು.

ನಮ್ಮಿಂದ ಸೆಲ್ಬು ಊರು ದೂರವಿಲ್ಲ. 1857ರಲ್ಲಿ ಮಾರಿಟ್ ಎಮ್ಸ್ಟಾಡ್ ಅನ್ನುವ ಹದಿಹರೆಯದ ಹುಡುಗಿ ಎಂಟೆಸಳಿನ ಹೂವಿರುವ ಕಪ್ಪು ಬಿಳುಪಿನ ಕೈಗವಸು ಹೆಣೆದು ಚರ್ಚಿಗೆ ಹಾಕಿಕೊಂಡು ಹೋದಳಂತೆ. ನೋಡಿದವರೆಲ್ಲ ಹೆಣೆಯೋಕೆ ಶುರು ಮಾಡಿ, ಊರಿಗೆ ಊರೇ ಅದರಲ್ಲಿ ಬದುಕು ಕಟ್ಟಿಕೊಂಡಿತು. ಈಗ ಆ ಊರಿನ ಲಾಂಛನದಲ್ಲೂ ಅದೇ ಹೂವು. ಜನವರಿಯಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ, ಅಪ್ಪನ ಕೈಗೆ ಈ ಹೂವನ್ನೇ ಹಾಕಬೇಕು ಅಂತ ಆಸೆ.

ಉಣ್ಣೆ ನೂಲು, 2.5 ಮಿ.ಮೀ.ನ ಐದು ಕಡ್ಡಿ, ಸುತ್ತಿಗೆ 64 ಸ್ಟಿಚ್. ಸ್ಯಾಂಪಲ್ ಲೆಕ್ಕದಲ್ಲಿ 10 ಸೆಂ.ಮೀ.ಗೆ 30 ಸ್ಟಿಚ್, ಅಂದರೆ ಸುತ್ತಳತೆ 21 ಸೆಂ.ಮೀ. ಬರಬೇಕು. ಮಣಿಕಟ್ಟಿನ ಪಟ್ಟಿ ಸರಿಯಾಗಿದೆ. ಅಂಗೈ ಕಡೆ ಸಣ್ಣ ಸಣ್ಣ ಚೌಕುಳಿ, ಅದೂ ಸರಿ. ಕೈ ಹಿಂಭಾಗದ ಹೂವಿನ ಹತ್ತಿರ ಬಂದ ಕೂಡಲೇ ಬಟ್ಟೆ ನಿರಿಗೆ ನಿರಿಗೆಯಾಗಿ ಒಳಕ್ಕೆ ಎಳೆದುಕೊಂಡಿದೆ. ಅಳೆದರೆ 18 ಸೆಂ.ಮೀ.! ತಿರುಗಿಸಿ ನೋಡಿದರೆ ಒಳಗೆ ಹಾಯ್ದ ಎಳೆಗಳೆಲ್ಲ ವೀಣೆ ತಂತಿ ಹಾಗೆ ಬಿಗಿದಿವೆ. ಒಂದು ಬಣ್ಣದಲ್ಲಿ ಏಳು, ಒಂಬತ್ತು ಸ್ಟಿಚ್ ಬಂದ ಕಡೆ ಇನ್ನೂ ಕಷ್ಟ. ಒಂದು ಕಡ್ಡಿಯಿಂದ ಇನ್ನೊಂದು ಕಡ್ಡಿಗೆ ಹೋಗುವ ಮೂಲೆಗಳಲ್ಲಿ ಉದ್ದುದ್ದ ಗೆರೆ ಎದ್ದಿದೆ.

ಸಡಿಲ ಬಿಡೋಣ ಅಂತ ಜಾಗ್ರತೆ ಮಾಡಿದರೆ ಹೊರಗಿನ ಸ್ಟಿಚ್ ದೊಗಲೆ ಆಗುತ್ತೆ. ಎಲ್ಲಿ ತಪ್ಪುತ್ತಿದ್ದೇನೆ?

ಹೊಸ ಕೈ

ಕ್ಷಮಿಸಿ, ನಾನು ಒಂದೇ ಬಣ್ಣದಲ್ಲಿ ಮಫ್ಲರ್ ಹೆಣೆಯುವವಳು. ಒಳಗೆ ಎಳೆ ಹಾಯೋದು ಅಂದ್ರೆ ಏನು? ಎರಡನೇ ಬಣ್ಣ ಬೇಡದ ಕಡೆ ಕತ್ತರಿಸಿಬಿಡಬಾರದಾ?

ಮಲೆನಾಡಿನ ಉಂಡೆ

ಕತ್ತರಿಸಿದರೆ ಒಂದೊಂದು ಸಾಲಿಗೂ ಹತ್ತಿಪ್ಪತ್ತು ತುದಿ ಉಳಿಯುತ್ತವೆ. ಒಂದೇ ಸಾಲಿನಲ್ಲಿ ಮೂರು ಬಿಳಿ, ಐದು ಕಪ್ಪು, ಮತ್ತೆ ಮೂರು ಬಿಳಿ ಅಂದುಕೊಳ್ಳಿ. ಕಪ್ಪು ಹೆಣೆಯುವಷ್ಟು ಹೊತ್ತು ಬಿಳಿ ಎಳೆ ಬಟ್ಟೆಯ ಹಿಂದೆ ಸುಮ್ಮನೆ ಅಡ್ಡ ಹಾಯ್ದು ಮುಂದಿನ ಬಿಳಿ ಸ್ಟಿಚ್‌ಗೆ ಹೋಗುತ್ತೆ. ಆ ತುಂಡಿಗೆ ಫ್ಲೋಟ್ ಅಂತಾರೆ. ಅದೇ ನನಗೆ ಈಗ ಬಿಗಿ ಆಗಿರೋದು.

ಜಯನಗರದ ಕಡ್ಡಿ

ನೋಡಮ್ಮ, ನಿನ್ನ ಕೈ ಬಿಗಿ ಅಲ್ಲ. ಕೈಯೇ ಬಿಗಿ ಆಗಿದ್ದರೆ ಮಣಿಕಟ್ಟೂ ಬಿಗಿ ಆಗಬೇಕಿತ್ತು. ತಪ್ಪು ಇರೋದು ಎಳೆ ಹಾಯಿಸೋ ಆ ಒಂದು ಗಳಿಗೆಯಲ್ಲಿ.

ಕಪ್ಪು ಏಳು ಸ್ಟಿಚ್ ಹೆಣೆದೆ ಅಂದುಕೋ. ಆಗ ಬಲಗಡ್ಡಿ ಮೇಲೆ ಆ ಏಳೂ ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ, ಬಸ್ಸಿನ ಸೀಟಿನಲ್ಲಿ ಮೂವರ ಜಾಗದಲ್ಲಿ ಐವರು ಕೂತ ಹಾಗೆ. ಆ ಒತ್ತಿದ ಅಗಲಕ್ಕೆ ಬಿಳಿ ಎಳೆ ಹಾಯಿಸಿದರೆ ಎಳೆಯ ಉದ್ದ ಅಷ್ಟಕ್ಕೇ ನಿಂತುಹೋಯಿತು. ಆಮೇಲೆ ಬಟ್ಟೆ ಕಡ್ಡಿಯಿಂದ ಇಳಿದು ಅಗಲ ಆಗೋಕೆ ಹೋದರೂ ಹಿಂದಿನ ಎಳೆ ಬಿಡೋದಿಲ್ಲ. ಹೊರಗಿನ ಕುಣಿಕೆ ಹಿಗ್ಗುತ್ತೆ, ಅಡ್ಡ ಹಾಯ್ದ ನೇರ ಎಳೆ ಹಿಗ್ಗೋದಿಲ್ಲ.

ಅದಕ್ಕೆ ಬಣ್ಣ ಬದಲಿಸುವ ಮುಂಚೆ ಬಲಗಡ್ಡಿ ಮೇಲಿರೋ ಸ್ಟಿಚ್‌ಗಳನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸವರಿ ಹರಡು. ಕೈಗೆ ಹಾಕಿಕೊಂಡಾಗ ಎಷ್ಟು ಅಗಲ ಇರಬೇಕೋ ಅಷ್ಟಕ್ಕೆ. ಆಮೇಲೆ ಬಿಳಿ ಎಳೆ ತೆಗೆದುಕೊಂಡು ಹೆಣೆ. ಆ ಮೊದಲನೇ ಬಿಳಿ ಸ್ಟಿಚ್ ಆದ ಮೇಲೆ ಎಲ್ಲರೂ ಅಭ್ಯಾಸಬಲದಿಂದ ಎಳೆಯನ್ನು ಒಂದು ಸಲ ಜಗ್ಗುತ್ತಾರೆ. ಆ ಜಗ್ಗೋದನ್ನು ಬಿಟ್ಟುಬಿಡು.

ಮಲ್ಲಿಗೆ ಕಟ್ಟುವವರ ಕೈ ನೋಡಿದ್ದೀಯಲ್ಲ? ಹೂವನ್ನು ಮೊದಲು ಜೋಡಿಸಿ ಇಟ್ಟುಕೊಂಡು ಆಮೇಲೆ ದಾರ ಸುತ್ತುತ್ತಾರೆ. ದಾರ ಮೊದಲು ಬಿಗಿದರೆ ಮಾಲೆ ಮುದುಡುತ್ತೆ. ಇಲ್ಲೂ ಹಾಗೇ, ಮೊದಲು ಅಗಲ, ಆಮೇಲೆ ಎಳೆ.

ಸರಿ ಆಗಿದೆಯಾ ಅಂತ ತಿಳಿಯೋಕೆ ಎರಡು ಸಾಲು ಆದಮೇಲೆ ಒಳಗೆ ನೋಡು. ಬಟ್ಟೆ ಸುಮ್ಮನೆ ಇಟ್ಟಾಗ ಎಳೆ ಹಿತ್ತಲಲ್ಲಿ ಬಟ್ಟೆ ಒಣಹಾಕೋ ಹಗ್ಗದ ಹಾಗೆ ಚೂರೇ ಚೂರು ಜೋತಿರಬೇಕು. ಕೈ ಹಾಕಿ ಹಿಗ್ಗಿಸಿದಾಗ ನೇರ ಆಗಬೇಕು. ಹಿಗ್ಗಿಸಿದಾಗಲೂ ಜೋತಿದ್ದರೆ ಜಾಸ್ತಿ ಸಡಿಲ, ಆಗಲೇ ನೀನು ಹೇಳಿದ ದೊಗಲೆ ಸ್ಟಿಚ್ ಬರೋದು.

ಅಬರ್ಡೀನ್ ಕನ್ನಡತಿ

ಅಮ್ಮನವರು ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಮೂಲೆಯ ಗೆರೆ ಬಗ್ಗೆ ಒಂದು ಮಾತು ಸೇರಿಸ್ತೀನಿ, ಅದು ಬೇರೆ ಕಾಯಿಲೆ.

ಕೈಗವಸು ಸಣ್ಣ ಕೊಳವೆ. ಹೊರಮೈ ಕಾಣುವ ಹಾಗೆ ಹಿಡಿದು ಸುತ್ತ ಹೆಣೆದಾಗ ಎಳೆಗಳು ಕೊಳವೆಯ ಒಳಗೋಡೆಯಲ್ಲಿ ಹಾಯುತ್ತವೆ. ಒಂದು ಕಡ್ಡಿ ಮುಗಿದು ಮುಂದಿನ ಕಡ್ಡಿ ಶುರುವಾಗುವ ಮೂಲೆಯಲ್ಲಿ ಎಳೆ ಗೋಡೆ ಹಿಡಿದು ಹೋಗುವುದಿಲ್ಲ, ಗದ್ದೆಬದು ಬಿಟ್ಟು ನಡುವೆ ಅಡ್ಡದಾರಿ ಹಿಡಿದ ಹಾಗೆ ನೇರ ಹಾಯುತ್ತೆ. ಅಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಎಳೆ ಗಿಡ್ಡ ಆಗುತ್ತೆ.

ಉಪಾಯ: ಕೊಳವೆಯನ್ನು ಒಳಗು ಹೊರಗು ಮಾಡಿ ಹಿಡಿಯಿರಿ. ಎಳೆ ಇರುವ ಮೈ ಹೊರಗೆ, ಹೂವಿನ ಮೈ ಒಳಗೆ. ಕಡ್ಡಿಗಳು ನಿಮ್ಮಿಂದ ದೂರದ ಅಂಚಿನಲ್ಲಿರಲಿ, ಹೆಣೆಯೋದು ಅದೇ ಸೀದಾ ಸ್ಟಿಚ್. ಈಗ ಎಳೆ ಹೊರಗೋಡೆ ಸುತ್ತಿ ಹೋಗಬೇಕು, ಮೂಲೆಯಲ್ಲಿ ಅಡ್ಡದಾರಿಯೇ ಇಲ್ಲ. ಬಿಗಿ ಕೈಯವರಿಗೆ ಇದರಷ್ಟು ಬೇಗ ಫಲ ಕೊಡುವುದು ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಕೈಗವಸು, ಕಾಲುಚೀಲ, ಸ್ವೆಟರ್ ತೋಳು, ಎಲ್ಲಕ್ಕೂ ಆಗುತ್ತೆ.

ಇನ್ನು ಕಡ್ಡಿ. ಎರಡು ಬಣ್ಣದ ಜಾಗದಲ್ಲಿ ಹೆಣಿಗೆ ಸಹಜವಾಗೇ ಗಟ್ಟಿ ಬರುತ್ತೆ. ಮಣಿಕಟ್ಟು 2.5ರಲ್ಲಿ ಮಾಡಿ, ಹೂವಿಗೆ 2.75 ಅಥವಾ 3 ಹಿಡಿಯಿರಿ. ಮತ್ತೆ ಸ್ಯಾಂಪಲ್ ಯಾವುದರಲ್ಲಿ ಮಾಡಿದ್ರಿ? ಒಂದೇ ಬಣ್ಣದಲ್ಲಿ, ಹೋಗಿ ಬಂದು ಮಾಡಿದ್ದರೆ ಆ 30ರ ಲೆಕ್ಕ ಇದಕ್ಕೆ ಹೊಂದುವುದಿಲ್ಲ.

ಮಲೆನಾಡಿನ ಉಂಡೆ

ಹೌದು, ಒಂದೇ ಬಣ್ಣದಲ್ಲಿ ಮಾಡಿದ್ದು. ಅಲ್ಲೇ ಮೊದಲ ತಪ್ಪು.

ಇನ್ನೊಂದು ಪ್ರಶ್ನೆ. ಇಲ್ಲಿನ ನೂಲಿನ ಅಂಗಡಿಯಲ್ಲಿ ಒಬ್ಬರು, ಮೂರು ಸ್ಟಿಚ್‌ಗಿಂತ ಉದ್ದ ಎಳೆ ಬಂದರೆ ಪ್ರತಿ ಸಲವೂ ಹಿಂದೆ ಸಿಕ್ಕಿಸಲೇಬೇಕು, ಅಂದರೆ ಹಾಯುವ ಎಳೆಯನ್ನು ನಡುವೆ ಒಂದು ಸ್ಟಿಚ್‌ನ ಹಿಂದೆ ಹಿಡಿಸಬೇಕು ಅಂದಿದ್ದರು. ಹಾಗೇ ಮಾಡಿದೆ. ಬಿಳಿ ಸ್ಟಿಚ್‌ಗಳ ನಡುವೆ ಕಪ್ಪು ಚುಕ್ಕೆ ಇಣುಕುತ್ತಿದೆ. ಸಿಕ್ಕಿಸುವುದು ಎಷ್ಟು ಸರಿ?

ಅಬರ್ಡೀನ್ ಕನ್ನಡತಿ

ಇದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ನನಗೆ ಹತ್ತಿರವಾದ ವಿಷಯ.

ಅಬರ್ಡೀನಿಂದ ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳಿಗೆ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಅಲ್ಲಿನ ಲೆರ್ವಿಕ್ ಬಂದರು. ಆ ಶೆಟ್ಲೆಂಡ್‌ಗೂ ಆರ್ಕ್ನಿ ದ್ವೀಪಗಳಿಗೂ ನಡುವೆ ಇರೋ ಪುಟ್ಟ ದ್ವೀಪವೇ ಫೇರ್ ಐಲ್. 1920ರ ದಶಕದಲ್ಲಿ ಆಗಿನ ವೇಲ್ಸ್ ಯುವರಾಜ ಆ ದ್ವೀಪದ ಸ್ವೆಟರ್ ಹಾಕಿಕೊಂಡ ಮೇಲೆ ಜಗತ್ತಿಗೆಲ್ಲ ಹೆಸರು ಹಬ್ಬಿತು. ಅಲ್ಲಿನ ಹೆಂಗಸರು ಹೆಣೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಸೊಂಟಕ್ಕೆ ಚರ್ಮದ ಬೆಲ್ಟ್, ಅದರೊಳಗೆ ಕುದುರೆ ಕೂದಲು ತುಂಬಿ, ಮೇಲೆಲ್ಲ ತೂತು. ಬಲಗಡ್ಡಿಯ ತುದಿಯನ್ನು ಆ ತೂತಿಗೆ ಊರಿದರೆ ಬಲಗೈಗೆ ಕಡ್ಡಿ ಹೊರುವ ಕೆಲಸವೇ ಇಲ್ಲ. ಎಳೆ ಹಾಕೋದು, ಸ್ಟಿಚ್ ಸವರಿ ಹರಡೋದು, ಇಷ್ಟೇ. ಆ ಕೈಗಳು ಎಳೆಯನ್ನು ಸಿಕ್ಕಿಸಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ಕಾರಣ ಎರಡು. ಒಂದು, ಅವರ ನಕ್ಷೆ. ಒಂದು ಸಾಲಿಗೆ ಎರಡೇ ಬಣ್ಣ, ಮತ್ತು ಒಂದೇ ಬಣ್ಣ ಉದ್ದಕ್ಕೆ ಹೋಗದ ಹಾಗೆ ನಕ್ಷೆಯೇ ಬೆಳೆದುಬಂದಿದೆ. ನೋಡುವವರಿಗೆ ಐದಾರು ಬಣ್ಣ ಕಂಡರೂ ಅವು ಸಾಲು ಸಾಲಿಗೆ ಬದಲಾಗುವ ಬಣ್ಣಗಳು. ಎರಡು, ಅವರ ಉಣ್ಣೆ. ಶೆಟ್ಲೆಂಡ್ ಉಣ್ಣೆಗೆ ಸಣ್ಣ ಸಣ್ಣ ರೋಮ, ಎಳೆಗೆ ಎಳೆ ಅಂಟಿಕೊಳ್ಳುತ್ತೆ. ಕೊಳವೆಯಾಗಿ ಹೆಣೆದ ಸ್ವೆಟರನ್ನು ಎದೆಯ ನಡುವೆ ಕತ್ತರಿ ಹಾಕಿ ಸೀಳಿ ಕಾರ್ಡಿಗನ್ ಮಾಡುತ್ತಾರೆ, ಸ್ಟಿಚ್ ಬಿಚ್ಚಿಕೊಳ್ಳುವುದಿಲ್ಲ! ಒಗೆದು ಹಾಕಿಕೊಂಡ ಹಾಗೆ ಒಳಗಿನ ಎಳೆಯೂ ಬಟ್ಟೆಗೆ ಕಚ್ಚಿಕೊಂಡುಬಿಡುತ್ತೆ.

ಹಾಗಾಗಿ ಸ್ಟಿಚ್ ಎಣಿಸಬೇಡಿ, ಉದ್ದ ಅಳೆಯಿರಿ. ಸುಮಾರು ಎರಡೂವರೆ ಸೆಂ.ಮೀ.ವರೆಗೆ ಸಿಕ್ಕಿಸದೆ ಬಿಡಬಹುದು. ನಿಮ್ಮ 30ರ ಹೆಣಿಗೆಯಲ್ಲಿ ಅದು ಏಳೂವರೆ ಸ್ಟಿಚ್, ದಪ್ಪ ನೂಲಲ್ಲಿ 10 ಸೆಂ.ಮೀ.ಗೆ 20 ಬಂದರೆ ಐದೇ ಸ್ಟಿಚ್. ಮೂರು ಸ್ಟಿಚ್‌ಗೆಲ್ಲ ಸಿಕ್ಕಿಸಿದರೆ ಬಟ್ಟೆ ಅಟ್ಟೆ ಆಗುತ್ತೆ, ಚುಕ್ಕೆ ಇಣುಕುತ್ತೆ, ಕಪ್ಪು ಬಿಳುಪಿನಲ್ಲಂತೂ ಕಣ್ಣಿಗೆ ಹೊಡೆಯುತ್ತೆ. ನಿಮ್ಮ ಏಳರ ಓಟ (ಒಂದೇ ಬಣ್ಣದ ಏಳು ಸ್ಟಿಚ್) ಹಾಗೇ ಬಿಡಿ. ಒಂಬತ್ತರದ್ದನ್ನು ಐದನೇ ಸ್ಟಿಚ್‌ನಲ್ಲಿ ಒಂದೇ ಸಲ ಸಿಕ್ಕಿಸಿ. ಮುಂದಿನ ಸಾಲಿನಲ್ಲಿ ಅದೇ ಜಾಗದ ಮೇಲೆ ಮಾತ್ರ ಬೇಡ, ಒಂದೆರಡು ಸ್ಟಿಚ್ ಆಚೀಚೆ ಸರಿಸಿ. ಒಂದರ ಮೇಲೊಂದು ಬಂದರೆ ಚುಕ್ಕೆಗಳು ಸೇರಿ ಗೆರೆಯಾಗುತ್ತೆ.

ಜಯನಗರದ ಕಡ್ಡಿ

ಇದನ್ನು ನಾನು ಪೂರ್ತಿ ಒಪ್ಪಲ್ಲ ಕಣಮ್ಮ. ನೀವು ಹೇಳೋದು ಶೆಟ್ಲೆಂಡ್ ಉಣ್ಣೆಗೆ. ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗೋದು ಆಕ್ರಿಲಿಕ್. ಅದು ಎಷ್ಟು ಸಲ ಒಗೆದರೂ ಕಚ್ಚಿಕೊಳ್ಳಲ್ಲ, ನುಣುಪಾಗಿ ಜಾರುತ್ತಲೇ ಇರುತ್ತೆ. ಮೊಮ್ಮಗನಿಗೆ ಆನೆ ಸಾಲು ಇರೋ ಸ್ವೆಟರ್ ಹೆಣೆದಿದ್ದೆ, ಎಳೆ ಐದಾರು ಸ್ಟಿಚ್ ಉದ್ದ ಬಿಟ್ಟಿದ್ದೆ. ತೋಳು ತೂರಿಸೋವಾಗ ಮಗುವಿನ ಕಿರುಬೆರಳು ಒಳಗಿನ ಎಳೆಗೆ ಸಿಕ್ಕಿ ಹಿಂದಕ್ಕೆ ಮಡಚಿತು. ಮಗು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಅವತ್ತೇ ರಾತ್ರಿ ಕೂತು ಕ್ರೋಷಾ ಕಡ್ಡಿಯಿಂದ ಒಂದೊಂದೇ ಎಳೆಯನ್ನು ಹಿಂದಿನ ಕುಣಿಕೆಗೆ ಕಟ್ಟಿದೆ.

ಮಕ್ಕಳ ಬಟ್ಟೆ, ಆಕ್ರಿಲಿಕ್, ಕೈಬೆರಳು ಹೋಗೋ ಜಾಗ, ಈ ಮೂರರಲ್ಲಿ ಒಂದಿದ್ದರೂ ನಾನು ನಾಲ್ಕು ಸ್ಟಿಚ್‌ಗೆ ಸಿಕ್ಕಿಸೇ ಸಿಕ್ಕಿಸ್ತೀನಿ.

ಅಬರ್ಡೀನ್ ಕನ್ನಡತಿ

ಮಕ್ಕಳ ಬಟ್ಟೆಗೆ ಖಂಡಿತ ಒಪ್ಪಿದೆ ಅಮ್ಮ, ಆಕ್ರಿಲಿಕ್ಕಿಗೂ. ಯಂತ್ರದಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಉಣ್ಣೆಗೂ ಅದನ್ನೇ ಹೇಳಬೇಕು, ಆ ರೋಮದ ಅಂಟು ತೆಗೆದೇ ಅದನ್ನು ತಯಾರಿಸಿರುತ್ತಾರೆ.

ಧಾರವಾಡದ ಸೂಜಿ

ನಮಸ್ಕಾರ ರೀ. ನನಗ ಹೆಣಿಗಿ ಅಷ್ಟು ಬರಂಗಿಲ್ಲ, ಕಸೂತಿ ಹಾಕ್ತೀನಿ. ಆದ್ರ ನೀವು ಹೇಳೋದೆಲ್ಲಾ ಓದಿದ ಮ್ಯಾಲ ಸುಮ್ಮನ ಇರಲಿಕ್ಕೆ ಆಗಲಿಲ್ಲ.

ನಮ್ಮ ಕಸೂತಿಯೊಳಗ ಗವಂತಿ ಅನ್ನೋ ಹೊಲಿಗಿ ಹಾಕಿದ್ರ ಎರಡೂ ಕಡೆ ಒಂದೇ ಥರ ಕಾಣತದ. ನೇಗಿ ಹಂಗಲ್ಲ. ನೇಯ್ದಂಗ ಕಾಣಬೇಕಂತ ಎಳಿ ಎಣಿಸಿ ಎಣಿಸಿ ಉದ್ದ ಗಿಡ್ಡ ಹಾಕ್ಕೋತ ಹೋಗೋದು, ಮುಂದ ಎಷ್ಟು ಬಿಟ್ಟಿರ್ತೀವಿ ಹಿಂದ ಅಷ್ಟು ಎಳಿ ಹಾಯ್ದಿರತದ. ದಾರ ಒಂಚೂರು ಜಗ್ಗಿದ್ರ ಸೀರಿ ಅಲ್ಲೇ ಮುದುಡತದ, ಇಸ್ತ್ರಿ ಹಾಕಿದ್ರೂ ಹೋಗಂಗಿಲ್ಲ. ನಮ್ಮ ಅಜ್ಜಿ ಒಂದು ಸಾಲು ಮುಗಿದ ಕೂಡಲೆ ಬಟ್ಟಿ ಮ್ಯಾಲ ಅಂಗೈ ಇಟ್ಟು ಸಾಲಿನುದ್ದಕ್ಕೂ ಸವರತಿದ್ರು, ಆಮ್ಯಾಲನ ಸೂಜಿ ತಿರುಗಸತಿದ್ರು. ಜಯನಗರದವರು ಹೇಳಿದ್ದು ಅದನ್ನ.

ಇನ್ನೊಂದು. ಜರಿ ಬುಟ್ಟಾ ಸೀರಿ ಹಿಂದ ಎಳಿ ಉದ್ದ ಹಾಯ್ದಿದ್ದರ ಕಾಲುಂಗುರಕ್ಕ, ಬಳಿಗೆ ಸಿಕ್ಕೊಂಡು ಹರೀತಾವ ಅಂತ ಹಿಂದ ನೆಟ್ ಹಚ್ಚಿಸ್ತೀವಲ್ಲ? ಕೈಗವಸಿಗೂ ಒಳಗ ಒಂದು ಅಸ್ತರ ಕೊಡಬಹುದಲ್ಲ ರೀ?

ಅಬರ್ಡೀನ್ ಕನ್ನಡತಿ

ಕೊಡಬಹುದು. ತೆಳುವಾದ ಮೃದು ನೂಲಿನಲ್ಲಿ ಇನ್ನೊಂದು ಒಂಟಿ ಬಣ್ಣದ ಕೈಗವಸು ಹೆಣೆದು ಒಳಗೆ ಕೂರಿಸುತ್ತಾರೆ, ಬೆಚ್ಚಗೂ ಆಗುತ್ತೆ. ಆದರೆ ಬಿಗಿಯಾದ ಎಳೆಯನ್ನು ಅಸ್ತರ ಸರಿಮಾಡದು, ಜಾಗ ಇನ್ನೂ ಕಡಿಮೆಯಾಗುತ್ತೆ. ಮೊದಲು ಎಳೆ ಸರಿಯಾಗಲಿ, ಅಸ್ತರಕ್ಕೆ ನಾಲ್ಕೈದು ಸ್ಟಿಚ್ ಹೆಚ್ಚಿಗೆ ಇಟ್ಟುಕೊಳ್ಳಲಿ.

ನಿಮ್ಮ ಅಜ್ಜಿ ಅಂಗೈಯಲ್ಲಿ ಸವರುತ್ತಿದ್ದ ಮಾತು ಓದಿ ತುಂಬಾ ಖುಷಿಯಾಯಿತು.

ಹೊಸ ಕೈ

ಸಿಕ್ಕಿಸೋದು ಹೇಗೆ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ? ವೀಡಿಯೋ ನೋಡಿದ್ರೆ ಕೈ ಓಡೋ ವೇಗಕ್ಕೆ ಏನೂ ತಿಳಿಯಲ್ಲ.

ಟೊರೊಂಟೊ ಟೋಪಿ

ನಾನು ಹೇಳ್ತೀನಿ. ಒಂದು ಬಣ್ಣ ಎಡಗೈ ತೋರುಬೆರಳ ಮೇಲೆ, ಇನ್ನೊಂದು ಬಲಗೈ ತೋರುಬೆರಳ ಮೇಲೆ ಅಂದುಕೊಳ್ಳಿ.

ಬಲಗೈ ಎಳೆಯಲ್ಲಿ ಹೆಣೆಯುತ್ತಾ ಎಡಗೈ ಎಳೆಯನ್ನು ಸಿಕ್ಕಿಸೋದು ಸುಲಭ. ಕಡ್ಡಿಯನ್ನು ಸ್ಟಿಚ್ ಒಳಗೆ ತೂರಿಸುವಾಗ ಎಡಗೈ ಎಳೆಯ ಕೆಳಗಿಂದಲೂ ತೂರಿಸಿ, ಎಳೆ ಕಡ್ಡಿಯ ಮೇಲೆ ಮಲಗಿರಲಿ. ಬಲಗೈ ಎಳೆ ಎಂದಿನಂತೆ ಸುತ್ತಿ, ಅದನ್ನಷ್ಟೇ ಈಚೆ ತನ್ನಿ. ಮುಂದಿನ ಸ್ಟಿಚ್ ಎಂದಿನಂತೆ. ಎಡಗೈ ಎಳೆ ಹಿಂದೆ ಸಿಕ್ಕಿಕೊಂಡಿರುತ್ತೆ.

ಎಡಗೈ ಎಳೆಯಲ್ಲಿ ಹೆಣೆಯುತ್ತಾ ಬಲಗೈ ಎಳೆಯನ್ನು ಸಿಕ್ಕಿಸುವುದಕ್ಕೆ ಒಂದು ಹೆಜ್ಜೆ ಹೆಚ್ಚು. ಕಡ್ಡಿ ತೂರಿಸಿ, ಬಲಗೈ ಎಳೆಯನ್ನು ಹೆಣೆಯುವವರ ಹಾಗೆ ಕಡ್ಡಿಗೆ ಸುತ್ತಿ, ಅದರ ಮೇಲೆ ಎಡಗೈ ಎಳೆ ಸುತ್ತಿ, ಈಗ ಬಲಗೈ ಎಳೆಯನ್ನು ಬಂದ ದಾರಿಯಲ್ಲೇ ಬಿಚ್ಚಿ ಹಿಂದಕ್ಕೆ ತಗೊಳ್ಳಿ, ಉಳಿದ ಎಡಗೈ ಎಳೆಯನ್ನು ಈಚೆ ತನ್ನಿ. ಮೊದಲು ಇಪ್ಪತ್ತು ಸಲ ಕೈ ತಡವರಿಸುತ್ತೆ, ಆಮೇಲೆ ಯೋಚನೆಯೇ ಬೇಕಾಗಲ್ಲ.

ಯಾವ ಬಣ್ಣ ಯಾವ ಕೈಗೆ ಅನ್ನೋದೂ ಮುಖ್ಯ. ಹಿಂಭಾಗದಲ್ಲಿ ಕೆಳಗಿಂದ ಬರುವ ಎಳೆಯ ಸ್ಟಿಚ್ ಒಂಚೂರು ದೊಡ್ಡದಾಗಿ ಎದ್ದು ಕಾಣುತ್ತೆ, ಮೇಲಿಂದ ಬರುವುದು ಹಿಂದೆ ಸರಿಯುತ್ತೆ. ಹೀಗೆ ಎರಡು ಕೈಯಲ್ಲಿ ಹಿಡಿದಾಗ ಎಡಗೈಯದ್ದು ಕೆಳಗಿಂದ ಬರುತ್ತೆ. ಅದಕ್ಕೇ ಹೂವಿನ ಬಣ್ಣ ಎಡಗೈಗೆ, ನೆಲದ ಬಣ್ಣ ಬಲಗೈಗೆ. ಎಡಗೈ ಕೈಗವಸಿಗೆ ಒಂದು ಥರ, ಬಲಗೈಯದ್ದಕ್ಕೆ ಇನ್ನೊಂದು ಥರ ಹಿಡಿದರೆ ಜೋಡಿಯ ಎರಡು ಹೂವೂ ಬೇರೆ ಬೇರೆ ಕಾಣುತ್ತವೆ. ನನ್ನ ಮೊದಲ ಜೋಡಿಯಲ್ಲಿ ಹಾಗಾಗಿತ್ತು, ಒಂದರ ಹೂವು ಮಂಕು.

ಹನ್ನೊಂದು, ಹದಿಮೂರು ಸ್ಟಿಚ್ ಉದ್ದದ ಎಳೆ ಬರುವ ನಕ್ಷೆಗಳಿಗೆ ನಾನೀಗ ಸಿಕ್ಕಿಸುವುದನ್ನೇ ಬಿಟ್ಟಿದ್ದೇನೆ. ಓಟದ ನಡುವೆ, ಎರಡು ಸ್ಟಿಚ್‌ಗಳ ಮಧ್ಯೆ, ಹಾಯುವ ಎಳೆಯಲ್ಲೇ ಒಂದು ಹೊಸ ಕುಣಿಕೆ ಮಾಡಿ ಕಡ್ಡಿಗೆ ಹಾಕುತ್ತೇನೆ. ಪ್ರತಿ ಸುತ್ತಲ್ಲೂ ಅಲ್ಲಿಗೆ ಬಂದಾಗ ಆ ಕುಣಿಕೆಯನ್ನು ಹಾಯುವ ಬಣ್ಣದಲ್ಲೇ ಹೆಣೆಯುವುದು. ಹೊರಮೈಯ ಸ್ಟಿಚ್‌ಗಳು ಒತ್ತಿಕೊಂಡು ಅದನ್ನು ಮರೆಮಾಡುತ್ತವೆ, ಹಿಂದೆ ಮಾತ್ರ ಸಣ್ಣ ಏಣಿ ಹತ್ತಿಕೊಂಡು ಹೋಗುತ್ತೆ. ಎಳೆ ಎರಡು ತುಂಡಾಯಿತು, ಹಿಗ್ಗುವ ಗುಣವೂ ಉಳಿಯಿತು. ನಕ್ಷೆ ಮುಗಿದಾಗ ಆ ಕುಣಿಕೆಯನ್ನು ಪಕ್ಕದ ಸ್ಟಿಚ್ ಜೊತೆ ಸೇರಿಸಿ ಒಂದಾಗಿ ಹೆಣೆದುಬಿಡಿ.

ಪೆರುವಿನ ಟಿಟಿಕಾಕಾ ಸರೋವರದ ನಡುವೆ ಟಾಕಿಲೆ ದ್ವೀಪ ಇದೆ. ಅಲ್ಲಿ ಟೋಪಿ ಹೆಣೆಯುವುದು ಗಂಡಸರು. ಆಂಡಿಸ್ ಕಡೆಯ ಪದ್ಧತಿಯಲ್ಲಿ ನೂಲನ್ನು ಕತ್ತಿನ ಸುತ್ತ ಹಾಯಿಸಿಕೊಂಡು, ಬಟ್ಟೆಯ ಒಳಮೈ ತಮ್ಮ ಕಡೆ ಇಟ್ಟುಕೊಂಡು ಉಲ್ಟಾ ಹೆಣೆಯುತ್ತಾರೆ. ಎಳೆ ಹಾಯುವುದು ಕಣ್ಣೆದುರೇ. ಬಿಗಿಯಾದರೆ ಆ ಗಳಿಗೆಯಲ್ಲೇ ಕಾಣುತ್ತೆ. ನಾವು ಎಳೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಊಹೆಯಲ್ಲಿ ಹೆಣೆಯುತ್ತೇವೆ, ಅರ್ಧ ಕಷ್ಟ ಅಲ್ಲೇ ಇದೆ.

ಮಲೆನಾಡಿನ ಉಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಣೆದಷ್ಟನ್ನು ನೀರಲ್ಲಿ ನೆನೆಸಿ ಹಲಗೆ ಮೇಲೆ ಹಿಗ್ಗಿಸಿ ಒಣಗಿಸಿದರೆ ಸರಿಹೋಗಬಹುದಾ? ಹದಿನೆಂಟು ರಾತ್ರಿಯ ಕೆಲಸ, ಬಿಚ್ಚೋಕೆ ಮನಸ್ಸು ಬರ್ತಿಲ್ಲ.

ಜಯನಗರದ ಕಡ್ಡಿ

ನೆನೆಸಿದರೆ ಸ್ಟಿಚ್ ಸಮ ಆಗುತ್ತೆ, ಸಣ್ಣ ಪುಟ್ಟ ಸುಕ್ಕು ಹೋಗುತ್ತೆ. ಮೂರು ಸೆಂ.ಮೀ. ಬರಲ್ಲ. ಎಳೆ ಗಿಡ್ಡ ಇದ್ದರೆ ನೀರು ಅದಕ್ಕೆ ಉದ್ದ ಕೊಡಲ್ಲ. ಅಪ್ಪ ಮಗಳು ಹೆಣೆದದ್ದು ಅಂತ ನೋವಾದರೂ ಹಾಕಿಕೊಳ್ತಾರೆ, ಅದೂ ಗೊತ್ತು ನನಗೆ. ಬಿಚ್ಚು. ಬಿಚ್ಚೋವಾಗ ಎರಡೂ ಬಣ್ಣ ಹೆಣೆದುಕೊಳ್ಳದ ಹಾಗೆ ಒಂದೊಂದು ಸಾಲಿಗೂ ಬೇರೆ ಬೇರೆ ಉಂಡೆಗೆ ಸುತ್ತಿಕೋ.

ಮಲೆನಾಡಿನ ಉಂಡೆ (ಹನ್ನೊಂದು ದಿನದ ನಂತರ)

ಬಿಚ್ಚಿದೆ. ನೂಲು ಸುರುಳಿ ಸುರುಳಿಯಾಗಿತ್ತು. ಕುರ್ಚಿ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ದಾರ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಇಟ್ಟು, ಹಿಂಡದೆ ಬಚ್ಚಲಲ್ಲಿ ನೇತುಹಾಕಿದೆ. ಬೆಳಿಗ್ಗೆ ಹೊಸ ನೂಲಿನ ಹಾಗೆ ನೇರವಾಗಿತ್ತು.

ಈ ಸಲ ಮಣಿಕಟ್ಟು 2.5, ಹೂವಿಗೆ 2.75. ಎಡಗೈಯಲ್ಲಿ ಕಪ್ಪು, ಬಲಗೈಯಲ್ಲಿ ಬಿಳಿ. ಕೊಳವೆ ಒಳಗು ಹೊರಗು. ಮೊದಲ ಮೂರು ಸುತ್ತು ಕೈ ತಿರುಗಲೇ ಇಲ್ಲ, ಎಲ್ಲ ತಲೆಕೆಳಗು ಅನಿಸಿತು. ನಾಲ್ಕನೇ ಸುತ್ತಿಗೆ ಕೂತಿತು. ಎಳೆ ಎದುರಿಗೇ ಕಾಣುತ್ತಿದ್ದರಿಂದ ಎಲ್ಲಿ ಜಗ್ಗುತ್ತಿದ್ದೆ ಅನ್ನೋದು ಗೊತ್ತಾಯಿತು: ಕಪ್ಪು ಮುಗಿಸಿ ಮತ್ತೆ ಬಿಳಿ ಹಿಡಿದಾಗ, ಮೊದಲ ಸ್ಟಿಚ್ ಆದ ತಕ್ಷಣ, ಬಲಗೈ ತೋರುಬೆರಳು ತಾನಾಗೇ ಮೇಲೆ ಏಳುತ್ತಿತ್ತು. ಪ್ರತಿ ಸಲ. ಜಯನಗರದ ಅಮ್ಮ ಹೇಳಿದ ಜಗ್ಗು ಅದೇ. ಈಗ ಬಣ್ಣ ಬದಲಿಸುವ ಮುಂಚೆ ಹೆಬ್ಬೆರಳಿಂದ ಸವರುತ್ತೇನೆ, ಆ ಬೆರಳನ್ನು ಕಡ್ಡಿಗೆ ಒತ್ತಿ ಇಟ್ಟುಕೊಳ್ಳುತ್ತೇನೆ.

ಹೂವಿನ ಅರ್ಧ ಆಗಿದೆ. ಅಳತೆ 21 ಸೆಂ.ಮೀ. ಮೂಲೆಯ ಗೆರೆ ಇಲ್ಲ. ಒಂಬತ್ತರ ಓಟ ಇರೋದು ನಾಲ್ಕು ಸಾಲಿನಲ್ಲಿ, ಅವನ್ನು ಮಾತ್ರ ಒಂದೊಂದು ಸಲ ಜಾಗ ಬದಲಿಸಿ ಸಿಕ್ಕಿಸಿದ್ದೇನೆ, ಹೊರಗೆ ಚುಕ್ಕೆ ಕಾಣುತ್ತಿಲ್ಲ. ನಮ್ಮವರ ಕೈ ಅಪ್ಪನ ಕೈಯಷ್ಟೇ ಇದೆ, ತೂರಿಸಿ ನೋಡಿದರು, ಸಲೀಸಾಗಿ ಹೋಯಿತು. ನಿನ್ನೆ ಮೊದಲ ಹಿಮ ಬಿತ್ತು ಇಲ್ಲಿ.

ಹೆಬ್ಬೆರಳಿಗೆ ಏನಾದರೂ ಬೇರೆ ಜಾಗ್ರತೆ ಬೇಕಾ?

ಜಯನಗರದ ಕಡ್ಡಿ

ಬೇಕು. ಹೆಬ್ಬೆರಳ ಕೊಳವೆ ಇನ್ನೂ ಸಣ್ಣದು, ಅಲ್ಲಿ ಎಲ್ಲರ ಕೈಯೂ ಬಿಗಿ ಆಗುತ್ತೆ. ಅದನ್ನೂ ಒಳಗು ಹೊರಗು ಮಾಡಿಯೇ ಹೆಣೆ. ಎಳೆ ಮೂರು ಸ್ಟಿಚ್ ದಾಟಿದರೆ ಅಲ್ಲಿ ಮಾತ್ರ ನನ್ನ ಮಾತು ಕೇಳಿ ಸಿಕ್ಕಿಸು, ಬೆರಳ ತುದಿಯ ಉಗುರು ಮೊದಲು ತಾಗೋದು ಅಲ್ಲೇ.

ಅಬರ್ಡೀನ್ ಕನ್ನಡತಿ

ಹೆಬ್ಬೆರಳಿಗೆ ನನ್ನದೂ ಅದೇ ಮಾತು. ಎರಡನೇ ಕೈಗವಸಿಗೂ ಕಪ್ಪು ಎಡಗೈಯಲ್ಲೇ ಇರಲಿ, ಮರೆಯಬೇಡಿ. ಮುಗಿದ ಮೇಲೆ ಒಳಮೈಯ ಫೋಟೋನೂ ಹಾಕಿ.